ಅಪಘಾತದ ಜಾಗದಲ್ಲಿ ಮೊದಲು ಯಾರನ್ನು ನೋಡಬೇಕು?

ರಾಣೆಬೆನ್ನೂರಿನಿಂದ ಹಾವೇರಿಗೆ ಹೆದ್ದಾರಿಯಲ್ಲಿ ನೀವು ಹೋಗಿರಬಹುದು. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ರಸ್ತೆ ಬೇರೆಯಾಗುತ್ತದೆ. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಇದೇ ಹೆದ್ದಾರಿಯಲ್ಲಿ, 2024ರ ಜೂನ್ 28ರ ನಸುಕಿನಲ್ಲಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಅಪ್ಪಳಿಸಿ 13 ಜನ ಸತ್ತರು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದವರು. ಅಂಥ ಹೊಡೆತಕ್ಕೆ ಸ್ಥಳದಲ್ಲೇ ಪ್ರಾಣ ಬಿಟ್ಟವರನ್ನು ಯಾವ ವೈದ್ಯನೂ ಉಳಿಸಲಾರ. ಆದರೆ ಜೀವ ಹಿಡಿದುಕೊಂಡಿರುವವರ ಮಾತು ಬೇರೆ. ಅವರ ಪಾಲಿಗೆ ಚಿಕಿತ್ಸೆ ರಸ್ತೆಯ ಮೇಲೆಯೇ ಶುರುವಾಗಬೇಕು.

ಇದನ್ನೇ ವೃತ್ತಿಯಾಗಿ ಮಾಡಿಕೊಂಡವರು ತುರ್ತುಚಿಕಿತ್ಸಾ ತಜ್ಞರು. ಭಾರತೀಯ ವೈದ್ಯಕೀಯ ಪರಿಷತ್ತು ಈ ವಿಭಾಗಕ್ಕೆ ಮಾನ್ಯತೆ ಕೊಟ್ಟದ್ದು 2009ರಲ್ಲಿ, ಅಂದರೆ ಬಹಳ ತಡವಾಗಿ. ಅದಕ್ಕೂ ತುಸು ಮೊದಲು, 2008ರ ನವೆಂಬರ್‌ನಲ್ಲಿ, ಕರ್ನಾಟಕದಲ್ಲಿ 108ರ ‘ಆರೋಗ್ಯ ಕವಚ’ ಆರಂಭವಾಗಿತ್ತು. ಆ ವಾಹನದಲ್ಲಿ ಸಾಮಾನ್ಯವಾಗಿ ಬರುವವರು ವೈದ್ಯರಲ್ಲ, ತರಬೇತಿ ಪಡೆದ ಸಿಬ್ಬಂದಿ.

ಹತ್ತಾರು ಜನ ಗಾಯಗೊಂಡಾಗ ಮೊದಲು ಯಾರ ಬಳಿ ಹೋಗಬೇಕು? ಎಲ್ಲರೂ ಓಡುವುದು ಜೋರಾಗಿ ಕೂಗುತ್ತಿರುವವರ ಕಡೆಗೆ. ಕೂಗುವವರು ಸದ್ಯಕ್ಕೆ ಉಸಿರಾಡುತ್ತಿದ್ದಾರೆ. ಸದ್ದಿಲ್ಲದೆ ಬಿದ್ದಿರುವವರನ್ನು ಮೊದಲು ನೋಡಿ. ಎಚ್ಚರ ತಪ್ಪಿದವರು ಅಂಗಾತ ಬಿದ್ದಿದ್ದರೆ ನಾಲಿಗೆ ಹಿಂದಕ್ಕೆ ಜಾರಿ, ರಕ್ತ ಅಥವಾ ವಾಂತಿ ಗಂಟಲಿಗೆ ಇಳಿದು ಉಸಿರು ಕಟ್ಟುತ್ತದೆ. ಇಬ್ಬರು ಮೂವರು ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ. ರಕ್ತ ಚಿಮ್ಮುತ್ತಿದ್ದರೆ ಟವೆಲ್ಲಿನಿಂದ ಗಾಯದ ಮೇಲೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಟ್ಟೆ ತೊಯ್ದರೆ ತೆಗೆಯಬೇಡಿ, ಮೇಲೆ ಇನ್ನೊಂದನ್ನು ಇಡಿ. ನೀರು, ಸೋಡಾ ಏನನ್ನೂ ಕುಡಿಸಬೇಡಿ. (ನೀರು ಕುಡಿಸುವ ಪುಣ್ಯಕಾರ್ಯ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಬೇಡವೆಂದವನನ್ನೇ ಜನ ಬೈಯುತ್ತಾರೆ!) ಬೆಂಕಿಯ ಭಯವಿಲ್ಲದಿದ್ದರೆ ಗಾಯಾಳುವನ್ನು ವಾಹನದಿಂದ ಜಗ್ಗಿ ತೆಗೆಯಬೇಡಿ.

ಗಾಯದ ತೀವ್ರತೆ ನೋಡಿ ಸರದಿ ಗೊತ್ತುಮಾಡುವ ಪದ್ಧತಿ ಹೊಸದಲ್ಲ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರ್ರೆ ದರ್ಜೆ ಲೆಕ್ಕಿಸದೆ ಹೆಚ್ಚು ಗಾಯಗೊಂಡವರನ್ನು ಮೊದಲು ನೋಡುತ್ತಿದ್ದ. ನಮ್ಮ ರಸ್ತೆಗಳಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಮೊದಲು ಸಿಕ್ಕ ವಾಹನವನ್ನು ನಡೆಯಬಲ್ಲವರೇ ಹತ್ತಿ ತುಂಬಿಸುತ್ತಾರೆ. ಅವರು ಒಟ್ಟಿಗೆ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಬಂದಿಳಿದರೆ, ಹಿಂದಿನಿಂದ ಬರುವ ತಲೆಗೆ ಪೆಟ್ಟಾದವರಿಗೆ ಕೈ ಬಿಡುವಿರುವ ವೈದ್ಯರು ಸಿಗುವುದಿಲ್ಲ. ಸಣ್ಣ ಗಾಯದವರು ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋಗಬಹುದು. ಹುಬ್ಬಳ್ಳಿ ಇಲ್ಲವೆ ದಾವಣಗೆರೆಗೆ ಸಾಗಿಸಬೇಕಾದವರು ಕೆಲವರೇ. ಯಾರು ಎಲ್ಲಿಗೆ ಎಂಬುದನ್ನು ಆಂಬುಲೆನ್ಸ್ ಸಿಬ್ಬಂದಿಗೆ ಬಿಡಿ. ವಿಕೋಪ ಸಿದ್ಧತೆ ಎಂಬ ದೊಡ್ಡ ಮಾತಿನ ತಿರುಳು ಈ ಹಂಚಿಕೆಯಲ್ಲಿದೆ.

108ಕ್ಕೆ ಫೋನ್ ಮಾಡುವಾಗ ಊರಿನ ಹೆಸರಷ್ಟೇ ಸಾಲದು. ಹತ್ತಿರದ ಕಿಲೋಮೀಟರ್ ಕಲ್ಲು, ಅಪಘಾತ ನಡೆದದ್ದು ಹುಬ್ಬಳ್ಳಿ ಕಡೆಗೆ ಹೋಗುವ ಬದಿಯಲ್ಲೋ ದಾವಣಗೆರೆ ಕಡೆಗೆ ಹೋಗುವ ಬದಿಯಲ್ಲೋ ಎಂಬುದನ್ನೂ ಹೇಳಿ. ನಡುವೆ ವಿಭಜಕವಿರುವ ರಸ್ತೆಯಲ್ಲಿ ಆಂಬುಲೆನ್ಸ್ ಎದುರು ಬದಿಗೆ ಬಂದರೆ ತಿರುವು ಹುಡುಕಿಕೊಂಡು ಮುಂದಕ್ಕೆ ಹೋಗಬೇಕಾಗುತ್ತದೆ. ಒಬ್ಬರು ಹಿಂದಕ್ಕೆ ಹೋಗಿ, ರಸ್ತೆಯ ಅಂಚಿನಲ್ಲಿ ನಿಂತು, ಬರುವ ವಾಹನಗಳಿಗೆ ಟಾರ್ಚ್ ತೋರಿಸಲಿ.

ಪೊಲೀಸರ ಭಯವೇ? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮಿನ ಪ್ರಕಾರ, ಸದ್ಭಾವನೆಯಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳುವಂತೆ ಅವರನ್ನು ಬಲವಂತಪಡಿಸುವಂತೆಯೂ ಇಲ್ಲ.