ಮಂಜುಗಡ್ಡೆಯ ಮೇಲಿನ ಮಗು

ಕೆನಡಾ ದೇಶದ ಉತ್ತರದ ಅಂಚಿನಲ್ಲಿ ನುನಾವುಟ್ ಎಂಬ ಪ್ರಾಂತವಿದೆ. ವಿಸ್ತಾರದಲ್ಲಿ ಅದು ಕರ್ನಾಟಕದ ಹತ್ತು ಪಟ್ಟು; ಜನರಾದರೋ, 2021ರ ಗಣತಿಯಂತೆ, 37,000ಕ್ಕೂ ಕಡಿಮೆ. ಅವರಲ್ಲಿ ಬಹುಪಾಲು, ಹಿಂದೆ ಹೊರಗಿನವರು ಎಸ್ಕಿಮೋ ಎಂದು ಕರೆಯುತ್ತಿದ್ದ ಇನುಯಿಟ್ ಜನ. ರಾಜಧಾನಿ ಇಕಾಲುಯಿಟ್, ಆ ಹೆಸರಿಗೆ ‘ಮೀನುಗಳು ಹೇರಳವಾಗಿರುವ ತಾಣ’ ಎಂದರ್ಥ. ಈ ಜನರು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಮೀನು ಹಿಡಿಯಲು ಹೋಗುವ ವಾಡಿಕೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅಲ್ಲಿನ ಮುಖ್ಯ ಮೀನು ಸಾಲ್ಮನ್ನಿನ ಬಳಗಕ್ಕೆ ಸೇರಿದ ಆರ್ಕ್ಟಿಕ್ ಚಾರ್. ನದಿಗಳ ಮಂಜು ಒಡೆದಾಗ ಅದು ಕಡಲಿಗಿಳಿಯುತ್ತದೆ. ಬೇಸಿಗೆಯ ಕೊನೆಗೆ ಸರೋವರಕ್ಕೆ ಮರಳಿ ಚಳಿಗಾಲವನ್ನು ಕಳೆಯುತ್ತದೆ. ಹಿಂದೆ, ಮರಳಿ ಬರುವ ಮೀನನ್ನು ಹೊಳೆಗೆ ಅಡ್ಡಲಾಗಿ ಕಲ್ಲುಕಟ್ಟೆ ಕಟ್ಟಿ ತಡೆದು, ಮೂರು ಮೊನೆಯ ಈಟಿಯಿಂದ ಹಿಡಿಯುತ್ತಿದ್ದರು.

ಸಂಸಾರ ಸಮೇತ ಹೊರಡಲು ಈಗ ಪ್ರಶಸ್ತವಾದ ಕಾಲ ಮೇ ತಿಂಗಳು. ಆಗ ಹೊತ್ತು ಬಹು ದೀರ್ಘ, ಚಳಿಯ ಕಾಠಿಣ್ಯವೂ ಇಳಿದಿರುತ್ತದೆ. ಆದರೆ ಸರೋವರದ ಮೇಲಿನ ಮಂಜುಗಡ್ಡೆ ಇನ್ನೂ ಆಳುದ್ದ ದಪ್ಪವಿರುತ್ತದೆ. ಹಿಮದ ಮೇಲೆ ಓಡುವ ಮೋಟಾರು ವಾಹನಕ್ಕೆ ಜಾರುಬಂಡಿಯನ್ನು ಬಿಗಿದು, ಡೇರೆ, ಒಲೆ, ಹೊದಿಕೆಗಳೊಡನೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಹೊರಡುತ್ತಾರೆ. ಹಸುಗೂಸು ತಾಯಿಯ ‘ಅಮೌಟಿ’ಯೊಳಗೆ, ಎಂದರೆ ಬೆನ್ನಿನ ಮೇಲೆ ಚೀಲವಿರುವ ಮೇಲಂಗಿಯೊಳಗೆ, ಬೆಚ್ಚಗೆ ಕುಳಿತಿರುತ್ತದೆ. ಬೈರಿಗೆಯಿಂದ ಮಂಜಿಗೆ ರಂಧ್ರ ಕೊರೆದು, ಗಾಳದ ದಾರವನ್ನು ಇಳಿಬಿಟ್ಟು ಮೆಲ್ಲಗೆ ಎತ್ತಿ ಇಳಿಸುತ್ತಾರೆ. ಬೋರಲು ಮಲಗಿ ರಂಧ್ರದೊಳಗೆ ಇಣುಕಿ, ಮೀನು ಬರುವುದನ್ನು ಕಾಣುವುದು ಮಕ್ಕಳ ಪಾಲಿನ ಹಬ್ಬ.

ಇಲ್ಲಿ ಉಪದೇಶ ಕಡಿಮೆ. ಮಗು ನೋಡುತ್ತದೆ, ಅನುಕರಿಸುತ್ತದೆ, ದಾರ ಸಿಕ್ಕಾಗಿಸಿಕೊಳ್ಳುತ್ತದೆ, ಹಿರಿಯರು ಗದರುವುದಿಲ್ಲ. 1963ರಿಂದ 1965ರವರೆಗೆ ಉತ್ಕು ಎಂಬ ಇನುಯಿಟ್ ಪಂಗಡದ ಕುಟುಂಬವೊಂದರ ಜೊತೆ ಬಾಳಿದ ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್ ಇದರ ಕಾರಣವನ್ನು ವಿವರಿಸಿದ್ದಾರೆ. ವಿವೇಕಕ್ಕೆ ಅವರ ನುಡಿಯಲ್ಲಿ ‘ಇಹುಮ’ ಎಂದು ಹೆಸರು. ಅದು ಬೆಳೆಯುತ್ತ ಬೆಳೆಯುತ್ತ ಬರತಕ್ಕದ್ದು. ಇನ್ನೂ ಬಾರದವರ ಮೇಲೆ ಸಿಟ್ಟಾಗುವುದು ದೊಡ್ಡವರಿಗೆ ಶೋಭೆಯಲ್ಲ. ಇನ್ನೊಂದು ಪದ್ಧತಿಯೂ ಸ್ಮರಣೀಯ. ಮಗು ಹಿಡಿದ ಮೊದಲ ಮೀನು ಸಂಪ್ರದಾಯದಂತೆ ಅದರ ಸ್ವಂತಕ್ಕಲ್ಲ. ಹುಟ್ಟಿದಾಗ ತನ್ನನ್ನು ಎತ್ತಿಕೊಂಡ ಸೂಲಗಿತ್ತಿಗೋ ಊರಿನ ಹಿರಿಯರಿಗೋ ಅದು ಸಲ್ಲಬೇಕು. ಗಳಿಸುವ ಪಾಠವೂ ಹಂಚುವ ಪಾಠವೂ ಒಂದೇ ದಿನ ಆಗುತ್ತವೆ.

ಈ ಪರಂಪರೆಗೆ ಬಿದ್ದ ಪೆಟ್ಟು ಸಣ್ಣದಲ್ಲ. 1950ರ ದಶಕದಿಂದ ಸರಕಾರವು ಇನುಯಿಟ್ ಮಕ್ಕಳನ್ನು ಹೆತ್ತವರಿಂದ ಅಗಲಿಸಿ ದೂರದ ವಸತಿಶಾಲೆಗಳಿಗೆ ಒಯ್ದಿತು. ಮೀನಿನ ಋತುಗಳು ಬಂದು ಹೋದವು. ಕಲಿಯಬೇಕಾದ ಕೈಗಳು ಅಲ್ಲಿರಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? 2008ರ ಜೂನ್ 11ರಂದು ಕೆನಡಾದ ಪ್ರಧಾನಿಗಳು ಈ ವಸತಿಶಾಲೆಗಳ ವಿಷಯದಲ್ಲಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೋರಿದರು. ಆದರೆ ಕ್ಷಮೆಯಿಂದ ಕೌಶಲ ಮರಳುವುದಿಲ್ಲ. ತಾವು ಬಾಲ್ಯದಲ್ಲಿ ಕಲಿಯಲಾರದೆ ಹೋದುದನ್ನು ನಡುವಯಸ್ಸಿನಲ್ಲಿ ಹಿರಿಯರಿಂದ ಕೇಳಿ ತಿಳಿದು, ಅದೇ ಗಳಿಗೆಯಲ್ಲಿ ಮಕ್ಕಳಿಗೂ ತೋರಿಸಿಕೊಡುವ ತಂದೆತಾಯಿಗಳು ಅಲ್ಲಿದ್ದಾರೆ.

ಅಷ್ಟರಲ್ಲಿ ಮಂಜೇ ತನ್ನ ಸ್ವಭಾವವನ್ನು ಬದಲಿಸುತ್ತಿದೆ. 1979ರಿಂದೀಚೆಗೆ ಉತ್ತರಧ್ರುವ ಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆಯೆಂದು ವಿಜ್ಞಾನಿಗಳು 2022ರಲ್ಲಿ ಲೆಕ್ಕಹಾಕಿದರು. ಯಾವ ಮಂಜು ಭಾರ ತಾಳೀತು, ಯಾವುದು ಕುಸಿದೀತು ಎಂಬ ಅರಿವು ಅಲ್ಲಿ ಜೀವಮರಣದ ಪ್ರಶ್ನೆ. ಅಜ್ಜ ತಿಳಿದಿದ್ದ ದಾರಿ ಮೊಮ್ಮಗನ ಕಾಲಕ್ಕೆ ನಂಬಿಕೆಗೆ ಅರ್ಹವಾಗಿ ಉಳಿಯದೆ ಹೋಗಬಹುದು. ಆದರೆ ಹೆಜ್ಜೆಯಿಡುವ ಮೊದಲು ಮಂಜನ್ನು ಕುಟ್ಟಿ ನೋಡುವ ಎಚ್ಚರವನ್ನು ಆ ಅಜ್ಜನೇ ಕಲಿಸಬೇಕು. ಅದಕ್ಕಾಗಿ ಮಗು ಅವನ ಜೊತೆ ಸರೋವರಕ್ಕೆ ಹೋಗಲೇಬೇಕು.