ದುಡಿದು ಸೋತ ಕುದುರೆಯನ್ನು ಸಾಕಬಹುದೇ?

ಪ್ರಶ್ನೆ: ಪಣಂಬೂರು ಬೀಚಿನಲ್ಲಿ ಸವಾರಿಯ ಕುದುರೆಗಳನ್ನು ನೋಡುತ್ತೇವೆ. ಇಂಥ ಕುದುರೆಯನ್ನು ಯಾರಾದರೂ ಕೈಬಿಟ್ಟರೆ ಬೇರೆಯವರು ಸಾಕಬಹುದೇ?
— ಓದುಗರು, ಸುರತ್ಕಲ್

ಉತ್ತರ: ಸಾಕಬಹುದು. ಆದರೆ ಮೊದಲ ವಾರಗಳಲ್ಲಿ ಬೇಕಾದದ್ದು ತಾಳ್ಮೆ. ಬಡಕಲಾದ ಕುದುರೆ ಕಂಡೊಡನೆ ನಮ್ಮವರು ಕನಿಕರದಿಂದ ಬೆಲ್ಲ, ನೆನೆಸಿದ ಹುರುಳಿ ತಂದಿಡುತ್ತಾರೆ. ಅಪಾಯ ಅಲ್ಲೇ ಇರುವುದು. ಬಹುದಿನ ಹಸಿದ ದೇಹಕ್ಕೆ ಸಿಹಿ, ಕಾಳು ಒಮ್ಮೆಲೇ ಬಿದ್ದರೆ ರಕ್ತದ ಲವಣಾಂಶ ಏರುಪೇರಾಗಿ ಹೃದಯವೇ ನಿಲ್ಲಬಹುದು. ತಿಂದದ್ದನ್ನು ಹೊರಹಾಕಲು ಕುದುರೆಗೆ ವಾಂತಿ ಮಾಡಲೂ ಬಾರದು. ಒಳ್ಳೆಯ ಒಣಹುಲ್ಲನ್ನು ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ, ಪಶುವೈದ್ಯರು ಹೇಳಿದಂತೆ ಕೊಡಬೇಕು. ನಮ್ಮ ಬೈಹುಲ್ಲಿನಲ್ಲಿ ಸತ್ವ ಕಡಿಮೆ, ಅದೊಂದನ್ನೇ ನೆಚ್ಚಲಾಗದು.

ಗೊರಸಿನದು ಇನ್ನೂ ನಿಧಾನ. ಅದು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಹೆಚ್ಚುಕಮ್ಮಿ ವರ್ಷವೇ ಬೇಕು. 6–8 ವಾರಕ್ಕೊಮ್ಮೆ ತಿದ್ದಿ ಸರಿಮಾಡಬೇಕು. ಮಂಗಳೂರಿನ ಮಳೆಗಾಲದಲ್ಲಿ ಕೆಸರಲ್ಲಿ ನಿಂತರೆ ಗೊರಸಿನ ತಳವೇ ಕೊಳೆಯುತ್ತದೆ. ಎತ್ತರದ ಜಾಗದಲ್ಲಿ ಒಣ ಲಾಯವಿಲ್ಲದವರು ದಯವಿಟ್ಟು ಈ ಆಸೆ ಬಿಡಿ. ಒಂಟಿಯಾಗಿಯೂ ಇಡಬೇಡಿ, ಕುದುರೆ ಗುಂಪಿನ ಪ್ರಾಣಿ.

ಜಾಗ ಬದಲಿಸುವ ಮುನ್ನ ಗ್ಲ್ಯಾಂಡರ್ಸ್ ಪರೀಕ್ಷೆ ಆಗಲೇಬೇಕು. ಆ ರೋಗ ಮನುಷ್ಯರಿಗೂ ಹರಡುತ್ತದೆ.

ಹಿಂಸೆ ಕಂಡರೆ 112ಕ್ಕೆ ಕರೆ ಮಾಡಿ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 35ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಅಂಥ ಪ್ರಾಣಿಯನ್ನು ಚಿಕಿತ್ಸಾಲಯಕ್ಕೋ ಪಿಂಜರಾಪೋಲಿಗೋ (ಪ್ರಾಣಿಗಳ ಆಶ್ರಯತಾಣ) ಕಳಿಸಬಹುದು. ಬಂಡೀಪುರದಾಚೆ, ನೀಲಗಿರಿಯ ಮಸಿನಗುಡಿ ಸಮೀಪ ಐಪಾನ್ ಸಂಸ್ಥೆಯ ಆಶ್ರಯಧಾಮ ಇಂಥ ಕುದುರೆ, ಕತ್ತೆಗಳನ್ನು ಸಲಹಿದೆ. ಸ್ವಂತ ಜಾಗವಿಲ್ಲದವರು ಇಂಥ ಕಡೆ ಒಂದು ಕುದುರೆಯ ಮೇವಿನ ಖರ್ಚಿಗೆ ನೆರವಾದರೂ ಅದು ದೊಡ್ಡ ಉಪಕಾರವೇ.