ಸೀಸ ಬಿಟ್ಟ ಬೆಸುಗೆ

ಎಲೆಕ್ಟ್ರಾನಿಕ್ ಬೋರ್ಡಿನ ಬಿಡಿಭಾಗಗಳನ್ನು ಕೂಡಿಸುವ ಬೆಸುಗೆಯಲ್ಲಿ ದಶಕಗಳ ಕಾಲ ತವರದ ಜೊತೆ ಸೀಸವೂ ಇತ್ತು. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆತರೆ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಬೆಲೆಯೂ ಕಡಿಮೆ. ಆದರೆ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಸೀಸ, ಪಾದರಸ, ಕ್ಯಾಡ್ಮಿಯಂ ಸೇರಿ ಆರು ವಸ್ತುಗಳಿಗೆ ಮಿತಿ ಹಾಕಿತು. ಭಾರತದಲ್ಲಿ ಈ ನಿರ್ಬಂಧ ಜಾರಿಗೆ ಬಂದದ್ದು 2014ರ ಮೇ 1ರಂದು. ಕ್ಯಾಡ್ಮಿಯಂ ಶೇ 0.01, ಉಳಿದವು ಶೇ 0.1 ಮೀರುವಂತಿಲ್ಲ.

ಸೀಸದ ಜಾಗಕ್ಕೆ ಬಂದದ್ದು ಶೇ 96.5 ತವರ, ಶೇ 3 ಬೆಳ್ಳಿ, ಶೇ 0.5 ತಾಮ್ರದ ಮಿಶ್ರಣ. ಇದು ಕರಗಲು 217 ಡಿಗ್ರಿ ದಾಟಬೇಕು. ಹಾಗಾಗಿ ಕಾರ್ಖಾನೆಯ ಒಲೆ, ಬೋರ್ಡಿನ ರಾಳ, ಬಿಡಿಭಾಗಗಳ ಪ್ಲಾಸ್ಟಿಕ್ ಎಲ್ಲವೂ ಹೆಚ್ಚಿನ ಕಾವಿಗೆ ಹೊಂದಿಕೊಳ್ಳಬೇಕಾಯಿತು. ಸೀಸವಿಲ್ಲದ ತವರದ ಲೇಪನದಿಂದ ಕೂದಲೆಳೆಯಂಥ ಲೋಹದ ಎಳೆಗಳು ತಾವಾಗಿಯೇ ಬೆಳೆದು ಶಾರ್ಟ್ ಸರ್ಕ್ಯೂಟ್ ಮಾಡುವುದೂ ಉಂಟು. ಬಾಹ್ಯಾಕಾಶ ಮತ್ತು ರಕ್ಷಣಾ ಉಪಕರಣಗಳಲ್ಲಿ ಹಳೆಯ ಬೆಸುಗೆ ಇಂದಿಗೂ ಉಳಿದಿರುವುದು ಇದೇ ಭಯಕ್ಕೆ.

ಕ್ಯಾಡ್ಮಿಯಂ ಕಥೆ ಗುಬ್ಬಿ ತಾಲ್ಲೂಕಿನ ಚೇಳೂರಿನ ತೆಂಗು, ಅಡಿಕೆ ತೋಟಗಳಿಗೆ ಇನ್ನಷ್ಟು ಹತ್ತಿರದ್ದು. ಬೋರ್‌ವೆಲ್ ಮೋಟರ್ ಚಾಲೂ ಮಾಡುವ ಸ್ಟಾರ್ಟರಿನಂಥ ಸಾಧನಗಳ ಬೆಳ್ಳಿಯ ಕಾಂಟ್ಯಾಕ್ಟುಗಳಿಗೆ ಕ್ಯಾಡ್ಮಿಯಂ ಆಕ್ಸೈಡ್ ಬೆರೆಸುವ ಪದ್ಧತಿ ಬಹುಕಾಲ ನಡೆದಿತ್ತು. ಕಿಡಿ ಹಾರಿದಾಗ ಅದು ಒಡೆದು ಕಾವನ್ನು ಹೀರುತ್ತದೆ, ಹಾಗಾಗಿ ಕಾಂಟ್ಯಾಕ್ಟುಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ. ಕ್ಯಾಡ್ಮಿಯಂ ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂಳೆಯನ್ನೂ ಸವೆಸುತ್ತದೆ. ಬದಲಿಯಾಗಿ ಬಂದ ತವರದ ಆಕ್ಸೈಡ್ ಬೆಸೆಯುವಿಕೆಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದು ಮೇಲ್ಮೈಯಲ್ಲಿ ಕೂಡಿಕೊಂಡರೆ ಕಾಂಟ್ಯಾಕ್ಟ್ ಬಿಸಿಯೇರುತ್ತದೆ. ಅದನ್ನು ತಗ್ಗಿಸಲು ಬಿಸ್ಮತ್, ಇಂಡಿಯಂ ಆಕ್ಸೈಡುಗಳನ್ನು ಸೇರಿಸುತ್ತಾರೆ. ಒಂದು ವಿಷ ತೆಗೆಯುವುದೆಂದರೆ ಇಡೀ ಪಾಕವನ್ನೇ ಹೊಸದಾಗಿ ಹೂಡುವುದು.

ಪ್ಲಾಸ್ಟಿಕ್ ಭಾಗಗಳಿಗೆ ಬೆಂಕಿ ಹತ್ತದಂತೆ ಬೆರೆಸುವ ಅಗ್ನಿನಿರೋಧಕಗಳಲ್ಲಿ ಇಂಥ ಬದಲಾವಣೆ ಹಲವೆಡೆ ತಪ್ಪು ದಾರಿ ಹಿಡಿದದ್ದೂ ಇದೆ: ಒಂದು ಬ್ರೋಮಿನ್ ಸಂಯುಕ್ತದ ಜಾಗಕ್ಕೆ ಅದರ ದಾಯಾದಿಯೇ ಬಂದು ಕೂತಿತು. ರಂಜಕ ಆಧಾರಿತ ಪರ್ಯಾಯಗಳು ಸ್ವಲ್ಪ ಮೇಲು, ಆದರೆ ಅವನ್ನೂ ಒಂದೊಂದಾಗಿ ಪರೀಕ್ಷಿಸದೆ ಒಪ್ಪುವಂತಿಲ್ಲ.

ಹಿಂದೆ ತಯಾರಾದ ಸರಕಿನಲ್ಲಿರುವ ವಿಷವನ್ನು ಯಾವ ಪರ್ಯಾಯವೂ ಹೊರತೆಗೆಯಲಾರದು. ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ, ಇ-ತ್ಯಾಜ್ಯದ ಮರುಬಳಕೆಗೆ ಪರವಾನಗಿ ಪಡೆದ ದೇಶದ ಮೊದಲ ಘಟಕ. ಸುಟ್ಟ ಸ್ಟಾರ್ಟರ್, ಕೆಟ್ಟ ಟಿವಿ ಬೋರ್ಡುಗಳನ್ನು ಬೆಂಕಿಗೆ ಹಾಕದೆ, ಗುಜರಿಗೂ ಮಾರದೆ ಇಂಥ ಪರವಾನಗಿ ಪಡೆದ ಘಟಕಗಳಿಗೆ ತಲುಪಿಸಬೇಕು.